ಕರಡಿಗೆ ತೊಡಿಸಿದ ಅಂಗಿ

"ಅಪ್ಪ ಬೇಡ ಮೇಡಂ, ಕರಡಿ ಮಾಡಿ," ಎಂದ ಸಂಪಾದಕ ಫೋನಿನಲ್ಲಿ. "ಮನುಷ್ಯ ಹೊಡೆದ್ರೆ ಮಕ್ಕಳು ಹೆದರಿ ಪುಸ್ತಕ ಮುಚ್ಚಿಬಿಡ್ತಾರೆ. ಕರಡಿ ಹೊಡೆದ್ರೆ ಬೈಕೊಂಡು ಮುಂದಿನ ಪುಟ ತಿರುಗಿಸ್ತಾರೆ."

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಅವಳಿಗೆ ಇದು ಹೊಸದಲ್ಲ. ಅವಳ ಕೈಯಲ್ಲಿ ಜಿಪುಣ ಅಜ್ಜ ನರಿಯಾಗಿದ್ದ, ಚಾಡಿಕೋರ ಅತ್ತೆ ಕಾಗೆಯಾಗಿದ್ದಳು. ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿ, ಕಥೆಯ ಅಪ್ಪನ ಮುಖ ಅಳಿಸಿ ಕರಡಿಯ ಮೂತಿ ಬರೆದಳು. ಆಮೇಲೆ ಕೈ ತಾನಾಗಿಯೇ ಓಡಿತು. ತೋಳು ಮಡಚಿದ ಗೆರೆ ಅಂಗಿ, ಬೆಲ್ಟನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡ ರೀತಿ.

ಆರು ವರ್ಷದ ಮಗಳು ಮೊಣಕೈಯೂರಿ ನೋಡಿದಳು. ಅಮ್ಮನಿಗೆ ಬೀಳುವ ಹೊಡೆತದ ಬಗ್ಗೆ ಶಾಲೆಯಲ್ಲಾಗಲಿ, ದೊಡ್ಡಮ್ಮನ ಮುಂದಾಗಲಿ ತುಟಿ ಪಿಟಕ್ಕೆನ್ನದ ಹುಡುಗಿ.

"ಈ ಕರಡಿ ತುಂಬಾ ಕೆಟ್ಟದಮ್ಮಾ. ಮೊನ್ನೆ ನಿನ್ ಮೇಲೆ ಇಸ್ತ್ರಿಪೆಟ್ಟಿಗೆ ಎಸೀತಲ್ಲ, ಅದೇ."

ಮಗಳ ಬಾಯಿ ಮುಚ್ಚುವಷ್ಟರಲ್ಲಿ ಗಂಡ ಹಿಂದೆ ಬಂದು ನಿಂತಿದ್ದ. ರಜೆಯ ಮಧ್ಯಾಹ್ನದ ನಿದ್ದೆ ಮುಗಿಸಿ ನೀರಿಗೆ ಬಂದವನು. ಹೊರಗಿನವರಿಗೆ ಬೆಣ್ಣೆಯಂಥ ಮನುಷ್ಯ. ಹಾಳೆಯನ್ನು ನೋಡಿದ, ತನ್ನ ಮೈಮೇಲಿನ ಗೆರೆ ಅಂಗಿಯನ್ನು ನೋಡಿಕೊಂಡ.

"ಊರಿಗೆಲ್ಲ ನನ್ನ ಮಾನ ಹರಾಜು ಹಾಕ್ತೀಯಾ?"

"ಬರೀ ಕಥೆ ಕಣ್ರೀ..."

ಜುಟ್ಟು ಹಿಡಿದು ಅವಳ ಮುಖವನ್ನು ಮೇಜಿಗೆ ಅಪ್ಪಳಿಸಿದ. ಮೂಗಿನೊಳಗೆ ಏನೋ ಲಟಕ್ಕೆಂದಿತು. ಬಲಗೈಯನ್ನು ಎಳೆದು ಬಾಗಿಲ ಸಂದಿಯಲ್ಲಿಟ್ಟು, ಬಾಗಿಲನ್ನು ಭುಜದಿಂದ ದೂಡಿದ. "ಬರಿ ಈಗ. ಅದ್ಹೇಗೆ ಬರೀತೀಯೋ ನೋಡೋಣ." ಎರಡು ಬೆರಳು ಮುರಿದವು.

"ಏ ಕರಡೀ! ಬಿಡು ಅಮ್ಮನ್ನ!"

ಮಗಳು ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಅಪ್ಪನ ಹೆಜ್ಜೆ ಸದ್ದಿಗೇ ಮಂಚದಡಿ ಸೇರುತ್ತಿದ್ದವಳು ಗಂಟಲು ಹರಿಯುವಂತೆ ಕೂಗುತ್ತಿದ್ದಳು. "ಕೊಳಕು ಕರಡಿ! ಹೋಗಾಚೆ!"

ಅವನು ಬಾಗಿಲು ಬಿಟ್ಟು ಮಗುವಿನತ್ತ ತಿರುಗಿದ. ಅದುವರೆಗೆ ಮಗಳ ಮೇಲೆ ಕೈ ಮಾಡಿದವನಲ್ಲ. ಈಗ ಬೆಲ್ಟು ಬಿಚ್ಚುತ್ತಿದ್ದ.

ಅವಳು ಕಟ್ಟೆಯ ಮೇಲಿದ್ದ ಕುಕ್ಕರನ್ನು ಎಡಗೈಯಲ್ಲಿ ಎತ್ತಿ ಅವನ ತಲೆಗೆ ಬೀಸಿದಳು. ಮೊದಲ ಏಟಿಗೆ ಮಂಡಿಯೂರಿದ. ಎರಡನೆಯದಕ್ಕೆ ಮಕಾಡೆ ಬಿದ್ದ. ಮತ್ತೊಮ್ಮೆ ಕೈಯೆತ್ತಿದಾಗ ಮಗಳ ಮುಖ ಕಂಡಿತು. ಕುಕ್ಕರನ್ನು ಮೆಲ್ಲಗೆ ನೆಲಕ್ಕಿಟ್ಟಳು. ಅವನು ನರಳುತ್ತಿದ್ದ. ಆಂಬುಲೆನ್ಸಿಗೆ ಫೋನ್ ಮಾಡಿ, ಅದು ಬಂದು ಅವನನ್ನು ಒಯ್ದ ಮೇಲೆ, ಮಗಳನ್ನು ಕರೆದುಕೊಂಡು ಠಾಣೆಗೆ ನಡೆದಳು.

"ಹೇಳಮ್ಮಾ, ಯಾರು ಹೊಡೆದಿದ್ದು?" ಎಂದಳು ಮಹಿಳಾ ಪೇದೆ.

ಇಷ್ಟು ವರ್ಷ ಕೇಳಿದವರಿಗೆಲ್ಲ ಬಚ್ಚಲಲ್ಲಿ ಜಾರಿದೆ ಎಂದಿದ್ದ ಬಾಯಿ. ಮೂಗಿನ ರಕ್ತ ತುಟಿಯ ಮೇಲೆ ಗಟ್ಟಿಯಾಗಿತ್ತು.

"ನನ್ನ ಗಂಡ," ಎಂದಳು. "ಆಮೇಲೆ ನಾನೂ ಹೊಡೆದೆ. ಎರಡು ಸಲ."

ಪೇದೆ ತಲೆಯೆತ್ತಿ ಅವಳನ್ನು ನೋಡಿದಳು. ಮತ್ತೆ ಬಗ್ಗಿ ಎರಡನ್ನೂ ಬರೆದುಕೊಂಡಳು. ಬೆಂಚಿನ ಮೇಲೆ ಮಗಳು ನೆಲ ಮುಟ್ಟದ ಕಾಲು ಆಡಿಸುತ್ತ, ಯಾರೋ ಕೊಟ್ಟ ಬಿಸ್ಕತ್ತನ್ನು ಮುರಿದು, ದೊಡ್ಡ ತುಂಡನ್ನು ಅಮ್ಮನ ಎಡಗೈಯಲ್ಲಿಟ್ಟಳು.