ಗುಡುಗಪ್ಪನ ಉಪಗ್ರಹ

ನಮ್ಮ ಸುದ್ದಿವಾಹಿನಿಯ ನಿರೂಪಕನಿಗೆ ಬೆನ್ನ ಹಿಂದೆ ಗುಡುಗಪ್ಪ ಎಂದು ಹೆಸರು. ನಿನ್ನೆ ಅವನು ಮೇಜು ಗುದ್ದಿ ಅಬ್ಬರಿಸಿದ: "ಜನರ ತೆರಿಗೆ ದುಡ್ಡನ್ನ ಆಕಾಶಕ್ಕೆ ಸುರೀತಿದ್ದಾರೆ! ಈ ಉಪಗ್ರಹಗಳಿಂದ ನಮಗೇನು ಲಾಭ? ಯಾರಾದ್ರೂ ಹೇಳ್ರಪ್ಪಾ!"

ಅವನ ಅಬ್ಬರವನ್ನು ಉಪಗ್ರಹದ ಮೂಲಕ ಮನೆಮನೆಗೆ ತಲುಪಿಸುವ ಸ್ವಿಚ್ಚು ಇರುವುದು ನನ್ನ ಕೈಯಲ್ಲಿ. ಕೇಳಿ ಕೇಳಿ ತಲೆ ಕೆಟ್ಟು ಅದನ್ನು ಆರಿಸಿಬಿಟ್ಟೆ. ಅದು ಗೊತ್ತಿಲ್ಲದ ಪುಣ್ಯಾತ್ಮ ಮುಕ್ಕಾಲು ಗಂಟೆ ಕ್ಯಾಮೆರಾದ ಮುಂದೆ ಗಂಟಲು ಹರಿದುಕೊಂಡ. ಯಾಕೆ ಕಾಣಿಸುತ್ತಿಲ್ಲ ಎಂದು ಕೇಳಲು ಒಬ್ಬರೂ ಫೋನ್ ಮಾಡಲಿಲ್ಲ, ಅವನ ಹೆಂಡತಿಯೂ.

ಆಮೇಲೆ ಸಂಗತಿ ತಿಳಿದು ಉರಿದುಬಿದ್ದವನಿಗೆ, "ಉಪಗ್ರಹ ಕೈಕೊಡ್ತು ಸಾರ್" ಎಂದು ಮುಖ ಸಪ್ಪೆ ಮಾಡಿಕೊಂಡು ಹೇಳಿದೆ.

ಇವತ್ತು ಮತ್ತೆ ಅದೇ ಮೇಜು, ಅದೇ ಗುದ್ದು: "ಇನ್ನೆರಡು ಉಪಗ್ರಹ ಹಾರಿಸೋಕೆ ಈ ಸರ್ಕಾರಕ್ಕೇನು ದಾಡಿ?"