ನನ್ನ ಪಾಳಿಯ ದಿನ

ಜಾಲಿಮುಳ್ಳಿನಿಂದ ಮಂಜುಳಾಳ ಬೂಟಿನ ತಳದ ಎರೆಮಣ್ಣು ಕೀಳುತ್ತಿದ್ದೆ. ತಳಕ್ಕೆ ಗೂಟದಂಥ ಹಲ್ಲುಗಳು, ಪ್ರತಿ ಹಲ್ಲಿನ ಬುಡದಲ್ಲೂ ಮಣ್ಣು ಒಣಗಿ ಕೂತಿತ್ತು. ಅವಳು ಹೊರಸಿನ ಮೇಲೆ ಕಾಲು ಚಾಚಿ ಮೊಬೈಲು ನೋಡುತ್ತಿದ್ದಳು. ತೊಳೆದುಕೊಡು ಅಂತ ಅವಳು ಹೇಳಿರಲಿಲ್ಲ, ತೊಳೆಯುತ್ತೇನೆ ಅಂತ ನಾನೂ ಅಂದಿರಲಿಲ್ಲ. ಅವ್ವ ತಂದು ನನ್ನ ಮುಂದಿಟ್ಟಿದ್ದಳು, ಅಷ್ಟೆ. ಮಂಜುಳಾ ಅತ್ತ ತಿರುಗಿದಾಗ ಒಂದರೊಳಗೆ ಕಾಲು ತೂರಿಸಿ ನೋಡಿದೆ. ಸರಿಯಾಗಿ ಕೂತಿತು. ತೆಗೆದುಬಿಟ್ಟೆ.

ಮಂಜುಳಾ ನನ್ನ ತಂಗಿ, ಒಂದು ವರ್ಷಕ್ಕೆ ಕಿರಿಯಳು. ರಗ್ಬಿ ಆಡುತ್ತಾಳೆ. ರಾಜ್ಯಕ್ಕೆ ಆಡಿದಳು, ದೇಶಕ್ಕೆ ಆಡಿದಳು, ಈಗ ಮುಂಬೈಯ ಒಂದು ತಂಡ ಸಂಬಳ ಕೊಟ್ಟು ಕರೆದಿದೆ. ಇವತ್ತು ಸೋಮಪ್ಪ ಸಾವುಕಾರರ ಕಟ್ಟೆಯ ಮೇಲೆ ಅವಳಿಗೆ ಸತ್ಕಾರ.

"ಅದನ್ನ ಹೆಂಗ ಆಡತಾರವಾ?" ಅವ್ವ ಕೇಳಿದಳು.

"ಚೆಂಡ ಬಗಲಾಗ ಹಿಡಕೊಂಡ ಓಡೂದಬೇ. ಅವರು ಹಿಡದ ಕೆಡವತಾರ. ಮುಂದಿದ್ದಾಕಿಗೆ ಒಗಿಯಂಗಿಲ್ಲ, ಹಿಂದಿದ್ದಾಕಿಗೇ ಕೊಡಬೇಕು."

"ಹಂಗಾರ ಒಂದ ಸಲಾ ನಮ್ಮ ಭಾಗೀಗೂ ಕೊಡ," ಎಂದು ಅವ್ವ ನನ್ನ ಕಡೆ ನೋಡಿ ನಕ್ಕಳು. ಮಂಜುಳಾ ಕಣ್ಣೆತ್ತಲಿಲ್ಲ.

ಹಿತ್ತಲ ಕಡೆಯಿಂದ ಸಾವುಕಾರರ ಹೆಂಡತಿ ಸಿದ್ದಲಿಂಗವ್ವನ ಕೂಗು ಬಂತು.

"ಏ ಭಾಗೀ! ಬೋಸುಡಿ, ಸತ್ಯೇನ? ಮಂದಿ ಬರೂ ಹೊತ್ತಾತು, ಕೊಟ್ಟಿಗಿ ನಾರಾಕ ಹತ್ತೇತಿ. ಸಗಣಿ ಬಾಚಾಕ ಸತ್ತ ನಿಮ್ಮಪ್ಪ ಎದ್ದ ಬರತಾನೇನ?"

"ಬಂದೆರಿ."

ನಮ್ಮ ಮನೆ ನಿಂತದ್ದು ಸಾವುಕಾರರ ಜಾಗದಲ್ಲಿ. ಬಾಡಿಗೆ ಇಲ್ಲ, ಬದಲಿಗೆ ದಿನಾ ಒಬ್ಬರು ಅವರ ಕೊಟ್ಟಿಗೆಗೆ ಹೋಗಬೇಕು. ಅವ್ವ ಕಬ್ಬು ಕಡಿಯಲು ಹೋಗುತ್ತಿದ್ದುದರಿಂದ ನಾವಿಬ್ಬರು ಪಾಳಿ ಹಚ್ಚಿಕೊಂಡಿದ್ದೆವು. ಒಂದು ದಿನ ನಾನು, ಒಂದು ದಿನ ಅವಳು. ಪಾಳಿಯ ದಿನ ಶಾಲೆ ಇಲ್ಲ. ನಾನು ಏಳನೆಯ ತರಗತಿಯಲ್ಲಿದ್ದಾಗ ಬೈಲಹೊಂಗಲದಲ್ಲಿ ಕ್ರೀಡಾ ಹಾಸ್ಟೆಲಿಗೆ ಹುಡುಗಿಯರನ್ನು ಓಡಿಸಿ ಆರಿಸುವವರಿದ್ದರು. ಜಟ್ಟೆಪ್ಪ ಮಾಸ್ತರರು ನನ್ನ ಹೆಸರು ಬರೆದುಕೊಂಡಿದ್ದರು. ನಾನು ಓಡಿದರೆ ಮಂಜುಳಾ ಯಾವಾಗಲೂ ಹತ್ತು ಹೆಜ್ಜೆ ಹಿಂದೆ. ಆ ಬುಧವಾರ ನನ್ನ ಪಾಳಿ ಬಿತ್ತು.

"ಮಂಜೀ, ಇದೊಂದ ದಿನಾ ಅದಲಬದಲ ಮಾಡೂನು."

"ಪಾಳಿ ನಿಂದು. ನನ್ನ ಯಾಕ ಕೇಳತಿ?"

ನಾನು ಸಗಣಿ ಬಾಚುವ ಹೊತ್ತಿಗೆ ಅವಳು ಮಾಸ್ತರರ ಹಿಂದೆ ಬಸ್ಸು ಹತ್ತಿದ್ದಳು. ಅಕ್ಕನ ಬದಲಿಗೆ ತಂಗಿ ಓಡಲಿ ಅಂದರಂತೆ. ಆಯ್ಕೆಯಾದಳು. ಅಂದಿನಿಂದ ಎಲ್ಲ ದಿನವೂ ನನ್ನ ಪಾಳಿ.

ಹಾಸ್ಟೆಲಿನಲ್ಲಿ ದಿನಕ್ಕೆ ನಾಲ್ಕು ಮೊಟ್ಟೆಯಂತೆ. ಪೇಪರಿನಲ್ಲಿ ಅವಳ ಫೋಟೋ ಬಂದಾಗಲೆಲ್ಲ ನಾನು ಮುಖ ನೋಡುತ್ತಿರಲಿಲ್ಲ, ತೊಡೆ ನೋಡುತ್ತಿದ್ದೆ. ಆಡುವಾಗ ಅವಳ ಭುಜ ಜಾರಿದೆ ಎಂದು ಫೋನು ಬಂದ ದಿನ ಅವ್ವ ಅತ್ತಳು. ನಾನು ಒಂದು ರೊಟ್ಟಿ ಹೆಚ್ಚು ತಿಂದೆ.

ಮಧ್ಯಾಹ್ನ ಕಟ್ಟೆ ತುಂಬಿತು. ನಡುವಿನ ಕುರ್ಚಿಯಲ್ಲಿ ಮಂಜುಳಾ. ಮೆಟ್ಟಿಲ ಕೆಳಗೆ ನೆಲದ ಮೇಲೆ ಅವ್ವ. ಕೊಟ್ಟಿಗೆಯ ಬಾಗಿಲಲ್ಲಿ ಬುಟ್ಟಿ ಹಿಡಿದು ನಾನು. ಸಾವುಕಾರರು ಹಾರವನ್ನು ಮೇಲಿನಿಂದ ಬಿಟ್ಟರು, ಕೈ ತಾಗದಂತೆ. ನಮಗೆ ಮಜ್ಜಿಗೆ ಹೊಯ್ಯುವುದೂ ಹಾಗೆಯೇ. ಹಾರ ಅವಳ ಕಿವಿಗೆ ಸಿಕ್ಕಿಕೊಂಡಿತು. ಅವಳೇ ಸರಿಮಾಡಿಕೊಂಡು ನಕ್ಕಳು.

"ನಮ್ಮ ಮನಿ ಹಾಲ ಕುಡದ ಬೆಳದ ಕೂಸ ಐತ್ರಿ ಇದು!" ಅಂದರು ಸಾವುಕಾರರು. ಜನ ಚಪ್ಪಾಳೆ ತಟ್ಟಿದರು.

ಬೆಳಗಾವಿಯಿಂದ ಬಂದಿದ್ದ ಪೇಪರಿನವನು ಮೊಬೈಲು ಮುಂದೆ ಹಿಡಿದ. "ಇಷ್ಟ ಜೋರ ಓಡೂದು ಯಾರಿಂದ ಕಲತಿವಾ?"

 ಹತ್ತು ವರ್ಷದಲ್ಲಿ ಒಂದು ಸಲ, ಅಕ್ಕ ನನಗಿಂತ ಜೋರು ಅಂತ ಅವಳು ಅಂದರೆ ಸಾಕಿತ್ತು.

"ಯಾರಿಂದೂ ಇಲ್ರಿ. ಸಣ್ಣಾಕಿ ಇದ್ದಾಗಿಂದ ಈ ಊರಾಗ ನನ್ನ ಹಿಂದ ಹಾಕಾವ್ರ ಯಾರೂ ಇರಲಿಲ್ರಿ."

ಬುಟ್ಟಿ ಕೆಳಗಿಟ್ಟು ಕಟ್ಟೆಯತ್ತ ನಡೆದೆ. ಅವ್ವ ನನ್ನ ಸೆರಗು ಹಿಡಿದಳು. ಬಿಡಿಸಿಕೊಂಡು ಮೆಟ್ಟಿಲು ಹತ್ತಿದೆ. ಇಷ್ಟು ವರ್ಷ ಅವನ್ನು ನಾನು ಕೆಳಗೆ ನಿಂತೇ ಗುಡಿಸಿದವಳು. ಒಂದೊಂದರ ಮೇಲೂ ಸಗಣಿಯ ಹೆಜ್ಜೆ ಮೂಡಿತು.

"ಏ ಸುವ್ವರ! ಕೆಳಗ ಇಳಿ! ಇಳಿಯಲೇ ಹಲ್ಕಟ್ಟ ರಂಡೆ!" ಸಾವುಕಾರರು ಕುರ್ಚಿ ಬಿಟ್ಟು ಎದ್ದರು.

"ಯಾರರೆ ಹಿಡೀರಿ ಅದನ್ನ!" ಸಿದ್ದಲಿಂಗವ್ವ ಒದರಿದಳು.

ಯಾರೂ ಹಿಡಿಯಲಿಲ್ಲ. ಮುಟ್ಟಬೇಕಾಗುತ್ತಿತ್ತು.

ಇಷ್ಟು ಮಂದಿಯ ಮುಂದೆ ನಾನು ಎಂದೂ ಬಾಯಿ ತೆರೆದವಳಲ್ಲ. 

"ಮಂಜೀ, ಏಳು. ಇಲ್ಲಿಂದ ಊರ ಅಗಸಿ ಬಾಗಿಲತನಕ ಒಮ್ಮಿ ನನ್ನ ಕೂಡ ಓಡು."

ಪೇಪರಿನವನ ಮೊಬೈಲು ನನ್ನ ಕಡೆ ತಿರುಗಿತು, ಆಮೇಲೆ ಅವಳ ಕಡೆ. ಅವಳು ಹಾರದ ಒಂದು ಎಸಳು ಕಿತ್ತು ಬೆರಳಲ್ಲಿ ಹೊರಳಿಸುತ್ತಿದ್ದಳು. 

"ಓಡು ಬಾ, ಮಂಜೀ," ಅಂದೆ.