ಸಾಸಿವೆ ಚೆಲ್ಲಿದ ದಾರಿ

ವಾಚಕ ಮಹಾಶಯರೇ, ಮಸಣದಿಂದ ಮರಳುತ್ತಿರುವ ಈ ಗುಂಪಿನಲ್ಲಿ ಮುಂದೆ ಸಾಗಿದ ಗಂಡಸರನ್ನು ಬಿಟ್ಟು, ಕಟ್ಟಕಡೆಗೆ ಉಳಿದ ಇಬ್ಬರು ಹೆಂಗಸರತ್ತ ಕೃಪೆಯಿಟ್ಟು ದೃಷ್ಟಿ ಹರಿಸಬೇಕು. ಒಬ್ಬಾಕೆ ಸೆರಗಿನ ಮರೆಯಿಂದ ಸಾಸಿವೆ ಉದುರಿಸುತ್ತ ಬರುತ್ತಿದ್ದಳು. ಇನ್ನೊಬ್ಬಾಕೆ ಸತ್ಯವ್ವ. ಮಣ್ಣಾದವಳು ಅವಳ ಮಗಳು ಮಂಗಲಾ. ಸಾಸಿವೆ ಚೆಲ್ಲುತ್ತಿದ್ದವಳು ಮಂಗಲಾಳ ಅತ್ತೆ.

“ಬ್ಯಾಡ ಬೀಗತಿ,” ಎಂದಳು ಸತ್ಯವ್ವ.

“ಬಸುರಾಗಿ ಸತ್ತಾಕಿ ಮನಿ ಹುಡುಕ್ಕೊಂಡು ಬರ್ತಾಳ. ಕಾಳು ಆರಿಸ್ಕೋತ ಕುಂತ್ರ ಬೆಳಕ ಹರೀತೈತಿ, ತಿರುಗಿ ಹೋಗ್ತಾಳ. ನೀ ಬಾಯಿ ಬಿಡಬ್ಯಾಡ. ಗೊತ್ತಾದ್ರ ಈ ಸಾಲಿನಾಗ ನಮ್ಮನ್ನ ಯಾರೂ ಇಟ್ಟುಗೊಳ್ಳೂದಿಲ್ಲ.”

ದುಡಿಮೆಗೆಂದು ಬಂದ ಪರನಾಡಿನ ಊರು ಸಾಂಕೋಲೆಯ ಕಾರ್ಖಾನೆಗಳ ಬೆನ್ನಿಗೆ ಅವರ ತಗಡಿನ ಮನೆಗಳ ಸಾಲು ಕಾಣಿಸಿತು.

*

ನಳದ ಬಳಿ ಕೊಡ ತುಂಬುವಾಗ ಮಂಗಲಾ ತಾಯಿಯ ಕಿವಿಗೆ ಬಾಯಿಟ್ಟಿದ್ದಳು. “ಅವ್ವಾ, ಈ ಸಲ ನಿಂತೈತಿ.”

ಮೊದಲಿನ ಬಸಿರು ಉಳಿದಿರಲಿಲ್ಲ. “ಐದನೇ ತಿಂಗಳದಾಗ ಬೀಳೂತನಕ ಯಾರ ಮುಂದೂ ಉಸುರಬ್ಯಾಡ. ಕಣ್ಣು ಬೀಳ್ತೈತಿ,” ಎಂದಳು ಸತ್ಯವ್ವ.

“ನಿನ್ನ ಅಳಿಯಾಗೂ?”

“ಪರಶುಗ ಹೇಳಿದ್ರ ಡಂಗುರ ಹೊಡಿಸಿದಂಗ.”

ಕೊಡ ತುಂಬಿ ಹರಿಯುವವರೆಗೂ ಇಬ್ಬರೂ ನಕ್ಕಿದ್ದರು.

ಮುಂದೊಂದು ಸಂಜೆ ಮಂಗಲಾ ಹೊಟ್ಟೆ ಹಿಡಿದು ಬಿದ್ದಳು. ಓಣಿಯ ಡಾಕ್ಟರು ಹಿಂದಿಯಲ್ಲಿ, ಏನಾದರೂ ವಿಶೇಷವಿದೆಯೇ ಎಂದು ವಿಚಾರಿಸಿದರು. ಮಂಗಲಾ ತಾಯಿಯ ಮುಖ ನೋಡಿದಳು. ತಾಯಿ ಕಣ್ಣಲ್ಲೇ ಬೇಡವೆಂದಳು. “ಬರೀ ಹೊಟ್ಟಿನೋವ್ರಿ,” ಎಂದಳು ಮಗಳು. ಗುಳಿಗೆ ಕೊಟ್ಟರು. ಒಳಗೇ ಏನೋ ಒಡೆದಿತ್ತು. ಬೆಳಗಾಗುವುದರೊಳಗೆ ಮೈ ತಣ್ಣಗಾಯಿತು. ಹೆಣಕ್ಕೆ ಉಡಿ ತುಂಬುವ ಹೊತ್ತಿಗೆ ಮಾತ್ರ ಸತ್ಯವ್ವ ತಡೆಯಲಾರದೆ ಬೀಗತಿಯ ಕಿವಿಗಷ್ಟೇ ಹೇಳಿದ್ದಳು.

*

ಬಾಗಿಲಲ್ಲಿ ಆರೋಗ್ಯ ಕೇಂದ್ರದ ದೀಪಾ ಕಾಯುತ್ತಿದ್ದಳು. ಹೆರುವ ವಯಸ್ಸಿನ ಹೆಂಗಸು ತೀರಿಕೊಂಡ ಮನೆಗೆಲ್ಲ ಹೋಗಿ ಕಾರಣ ಕೇಳುವುದು ಅವಳ ಕೆಲಸ. ಕಾರವಾರದವಳಾದ್ದರಿಂದ ಕನ್ನಡ ಬರುತ್ತಿತ್ತು.

“ಇಂಥ ದಿನ ಕೇಳಬಾರದು. ಮಂಗಲಾ ಬಸುರಿಯಾಗಿದ್ದಳೇ?”

“ಇಲ್ರಿ ಬಾಯಾರ,” ಎಂದ ಪರಶು, ಒದ್ದೆ ತಲೆ ಎತ್ತದೆ. “ಇದ್ದಿದ್ರ ನನಗ ಹೇಳ್ತಿರಲಿಲ್ಲೇನು?”

“ಹೊಟ್ಟಿಶೂಲಿ,” ಎಂದಳು ಅವನ ತಾಯಿ.

ಚಹಾ ತಂದ ನೆರೆಮನೆಯ ಮರಿಯಮ ಗೊಣಗಿದಳು: “ಈ ಸಾಲಿನ ಹೆಂಗಸರಿಗೆ ಬ್ಯಾರೆ ರೋಗನ ಇಲ್ಲ ನೋಡ್ರಿ. ಎಲ್ಲಾರೂ ಹೊಟ್ಟಿನೋವಿನಾಗ ಹೋಗಾವ್ರು.”

“ಅದಕ್ಕೇ ಕೇಳುವುದು ನಾನು,” ಎಂದಳು ದೀಪಾ. “ಇಲ್ಲಿ ಬಸುರಿಯರು ಸಾಯುವುದೇ ಇಲ್ಲ ಅಂತ ಮೇಲಿನವರ ಲೆಕ್ಕ. ಸಾಯದ ಕಡೆಗೆ ನರ್ಸನ್ನು ಯಾಕೆ ಕಳಿಸುತ್ತಾರೆ?”

ದೀಪಾ ಚಹಾ ಕುಡಿದು ಚೀಲ ಹೆಗಲಿಗೇರಿಸಿದಳು.

ಸತ್ಯವ್ವ ಅವಳಿಗಿಂತ ಮೊದಲೇ ಹೊರಬಿದ್ದಳು. ಕೆಂಪು ಧೂಳಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದೇ ಕಾಳು ಹೆಕ್ಕತೊಡಗಿದಳು.

“ಏನು ಬಿದ್ದಿದೆ ಅವ್ವಾ?” ದೀಪಾ ನಿಂತಳು.

“ಏಳ ಬೀಗತಿ, ಮಂದಿ ನೋಡ್ತಾರ,” ಎಂದು ಬಾಗಿಲಿನಿಂದ ಪರಶುವಿನ ತಾಯಿ ಗದರಿದಳು.

“ನೋಡಿದ್ರ ನೋಡವಲ್ರ್ಯಾಕ.” ಸತ್ಯವ್ವ ತಲೆ ಎತ್ತಲಿಲ್ಲ. “ಸಾಸಿವಿರಿ ಬಾಯಾರ. ಬಸುರಿ ಇದ್ದಳ್ರಿ ನನ್ನ ಮಗಳು. ಬರಕೋರಿ. ಹೇಳಬ್ಯಾಡ ಅಂದಾಕಿ ನಾನ. ಆಕಿ ಬಂದ್ರ ಬರಲಿ, ದಾರಿ ಹಸನ ಮಾಡಾಕತ್ತೇನಿ.”

ಮರಿಯಮಳ ಕೈಯ ಬಟ್ಟಲು ಅಲ್ಲೇ ನಿಂತಿತು. ಪರಶು ಹೊಸ್ತಿಲಲ್ಲಿ ಎದ್ದು ನಿಂತವನು ತಾಯಿಯನ್ನು ನೋಡಿದ, ಸತ್ಯವ್ವನನ್ನು ನೋಡಿದ. ಇಳಿದು ಬಂದು ಅವಳ ಪಕ್ಕ ಕುಳಿತ. ಸಿಮೆಂಟು ತಿಂದು ಬಿರಿದ ಅವನ ಬೆರಳುಗಳಿಗೆ ಅಷ್ಟು ಸಣ್ಣ ಕಾಳು ಸಿಗುತ್ತಿರಲಿಲ್ಲ. ಬೆರಳ ತುದಿಯನ್ನು ನಾಲಿಗೆಗೆ ಒತ್ತಿ, ಮತ್ತೆ ಧೂಳಿಗೆ ಒತ್ತಿದ. ಒಂದು ಕಾಳು ಅಂಟಿಕೊಂಡು ಬಂತು. ಸತ್ಯವ್ವ ಸೆರಗು ಚಾಚಿದಳು. ಇಬ್ಬರೂ ಬಾಗಿಕೊಂಡೇ ಮಸಣದ ಕಡೆಗೆ ಸರಿಯತೊಡಗಿದರು.